ಬೆಟ್ಟದ ಮೇಲಿಂದ ನಮ್ಮ ಗದ್ದೆ

...ಅದಕ್ಕೇ, ಗದ್ದೆಯಲ್ಲಿ ಕೆಸರು ಬಿಟ್ಟರೆ ನೋಡೋಕೇನಿದೆ ಅಂತ ನಿನ್ನೆ ಬರೆದದ್ದನ್ನು ವಾಪಸ್ ತಗೋತೀನಿ, ಮಿಛೆ. ಇವತ್ತು ಒಬ್ಬ ಫಾರಿನರ್‌ಗೆ ದಾರಿ ತೋರಿಸುತ್ತ, ನಮ್ಮ ಯುವಾನ್‌ಯಾಂಗ್ ಬೆಟ್ಟದಲ್ಲಿ ಪ್ರವಾಸಿಗರು ನಿಲ್ಲುವ ಕಟ್ಟೆಯನ್ನು ಮೊದಲ ಸಲ ಹತ್ತಿದೆ. ಕೆಳಗೆ ಸಾವಿರಾರು ಮೆಟ್ಟಿಲುಗದ್ದೆಗಳ ನೀರಿನಲ್ಲಿ ಆಕಾಶ ಹೋಳುಹೋಳಾಗಿ ಕೂತಿತ್ತು. ಆತ 'ಬ್ಯೂಟಿಫುಲ್' ಅಂದ. ಅದಕ್ಕಿಂತ ದೊಡ್ಡ ಪದವೊಂದನ್ನು ಕಾಲೇಜಿನಲ್ಲಿ ಕಲಿತಿದ್ದೆ, ನೆನಪಾಗಲಿಲ್ಲ.

ನಡುವೆ ಒಂದೇ ಒಂದು ಕಪ್ಪು ತುಂಡು.

"ಅದ್ಯಾರದಪ್ಪಾ ಮುದುಕಾ, ಹಲ್ಲು ಬಿದ್ದ ಬಾಯಿ ಇದ್ದಂಗಿದೆ?" ಗೊತ್ತಿದ್ದೂ ನನ್ನನ್ನು ಕೆಣಕಿದ, ಪಕ್ಕದಲ್ಲೇ ನಿಂತಿದ್ದ ಕಾಲುವೆ ಕಾಯುವ ಝೆಪೊ.

ನೀನು ತೀರಿಕೊಂಡ ಮೇಲೆ ನಾನು ನೀರು ಬಿಡದ ಗದ್ದೆ ಅದು.

ಇಳಿದು ಬಂದವನೇ ಮಡೆ ತೆಗೆದು ನೀರು ಬಿಟ್ಟೆ. ಬದುವಿನ ಮೇಲೆ ಕೂತು ಬರೀತಿದ್ದೀನಿ. ನೀರು ಅರ್ಧ ಗದ್ದೆಗೆ ಬಂದಿದೆ, ಅಷ್ಟಗಲಕ್ಕೆ ಮೋಡವೂ ಬಂದಿದೆ. ಮದುವೆಯಾದಾಗಿಂದ ಪ್ರತಿವರ್ಷ ಕರೀತಿದ್ದೆಯಲ್ಲ, ನಮ್ಮ ಗದ್ದೆ ನೋಡೋಕೆ ಒಂದ್ಸಲ ಆ ಕಟ್ಟೆ ಮೇಲೆ ಬಾ ಅಂತ.

ಉಳಿದರ್ಧ ತುಂಬುವ ಮೊದಲೇ ಬೆಳಕು ಹೋಗ್ತಿದೆ.