ಅವರು ಕಿತ್ತುಹಾಕಿದ ನೆಟ್‌ವರ್ಕ್ ಪುಟ

ಪ್ರೀತಿಯ ಮೌಶಿ,

ಇದನ್ನು ಓದುವಾಗ ಕೈಯಲ್ಲಿ ಚಹಾದ ಕಪ್ಪು ಹಿಡಿದುಕೊಳ್ಳಬೇಡ, ಕುಕ್ಕಿ ಒಡೆಯುತ್ತೀ. ನಿನ್ನ ಪುಟವನ್ನು ಕಿತ್ತುಹಾಕಿದರು. ನಮ್ಮ ಸಾಫ್ಟ್‌ವೇರಿನ ಕೈಪಿಡಿಯಲ್ಲಿ ನೀನು ಜಗಳವಾಡಿ ಸೇರಿಸಿದ್ದ ನೆಟ್‌ವರ್ಕ್ ಪುಟ ಪೂರ್ತಿ ಹೋಯಿತು. ಅದರ ಜಾಗದಲ್ಲಿ ಒಂದೇ ಸಾಲು ಬಂತು: ‘ನೆಟ್‌ವರ್ಕ್ ಸೆಟ್ಟಿಂಗ್‌ಗಳನ್ನು ಸೂಕ್ತವಾಗಿ ಕೊಟ್ಟು ಮುಂದುವರಿಯಿರಿ.’ ಸೂಕ್ತವಾಗಿ! ಈ ಪದ ಕೇಳಿದರೆ ನೀನು ಏನು ಮಾಡುತ್ತಿದ್ದೆ ಎಂದು ನಿನ್ನ ಅಕ್ಕನ ಮಗಳಾದ ನನಗಲ್ಲದೆ ಇನ್ಯಾರಿಗೆ ಗೊತ್ತು?

ನೀನು ನನ್ನನ್ನು ಮೊದಲ ದಿನ ಆಫೀಸಿಗೆ ಕರೆದೊಯ್ದದ್ದು ನೆನಪಾಗುತ್ತಿದೆ. ಸಾಹಿತ್ಯದಲ್ಲಿ ಎಂ.ಎ. ಮುಗಿಸಿ ಧಾರವಾಡದಿಂದ ಬಂದವಳು ನಾನು, ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಮೆಟ್ಟಿಲು ಹತ್ತುವವಳು. ನಮ್ಮ ಸಾಫ್ಟ್‌ವೇರ್ ಹೊಸ ಸರ್ವರ್‌ಗಳನ್ನು ಸಜ್ಜುಗೊಳಿಸುತ್ತದೆ ಎಂದೆ ನೀನು. ಖಾಲಿ ಯಂತ್ರ ತಂತಿಯ ಮೂಲಕ ವಿಳಾಸ ಕೇಳುತ್ತದೆ. ನಮ್ಮದು ವಿಳಾಸ ಕೊಟ್ಟು, ಡಿಸ್ಕ್ ಅಳಿಸಿ, ಬೇಕಾದ್ದನ್ನೆಲ್ಲ ತುಂಬುತ್ತದೆ. ನಾನು ಪಿಳಿಪಿಳಿ ನೋಡಿದೆ. ನೀನು ಸೆರಗು ಸಿಕ್ಕಿಸಿಕೊಂಡೆ. “ಮದವಿ ಮನ್ಯಾಗ ಪಂಕ್ತಿ ಕೂಡಸಾಂವ ಒಬ್ಬನ ಇರಬೇಕು. ಇಬ್ರಾದ್ರ ಒಂದ ಎಲಿಗೆ ಇಬ್ರು ಬಂದು ಕೂಡ್ತಾರ. ನಮ್ಮ ಈ ಸಾಫ್ಟ್‌ವೇರ್ ಅದಲಾ, ಕರೀದಿದ್ರೂ ಮಂದಿ ಮದವ್ಯಾಗ ಹೋಗಿ ಪಂಕ್ತಿ ಕೂಡಸತದ. ಅಷ್ಟ ಅಲ್ಲ, ಬಂದವರ ತಲೀ ಬೋಳಿಸೇ ಕೂಡಸತದ. ತಿಳೀತೇನ ಮೂಕಿ?” ಮೌಶಿ, ಇವತ್ತಿಗೂ ನಮ್ಮ ಕಂಪನಿಯಲ್ಲಿ ಇದಕ್ಕಿಂತ ಚೆನ್ನಾಗಿ ಅದನ್ನು ವಿವರಿಸಿದವರಿಲ್ಲ. ಅವರ ಬಳಿ ಸ್ಲೈಡ್‌ಗಳಿವೆ, ಅಷ್ಟೇ.

ನಮ್ಮ ‘ಓದು-ಮಾಡು’ ಮಧ್ಯಾಹ್ನಗಳು ನೆನಪಿವೆಯೇ? ಕೈಪಿಡಿಯ ಯಾವ ಪುಟ ಹೊರಗೆ ಹೋಗುವುದಿದ್ದರೂ ನಾನು ಗಟ್ಟಿಯಾಗಿ ಓದಬೇಕು, ನೀನು ಓದಿದ್ದನ್ನಷ್ಟೇ ಮಾಡಬೇಕು. “ನಾ ಈಗ ಹೆಡ್ಡಿ. ನೀ ಹೇಳದ ನನಗ ಏನೂ ಹೊಳ್ಯಾಂಗಿಲ್ಲ” ಎಂದು ಕೂಡುತ್ತಿದ್ದೆ. ನಾಲ್ಕು ಜನರ ಮುಂದೆ ಬಾಯಿಬಿಡದ ನನಗೆ ಓದುವುದು ಮಾತ್ರ ಸಲೀಸು, ಮಾತು ನನ್ನದಲ್ಲವಲ್ಲ. ‘ಸೂಕ್ತವಾಗಿ’ ಬಂದರೆ ಸಾಕು, ನೀನು ಕೀಬೋರ್ಡಿನಿಂದ ಎರಡೂ ಕೈ ಎತ್ತಿ, ಕನ್ನಡಕದ ಮೇಲಿಂದ ಬರೆದವನನ್ನು ನೋಡುತ್ತಿದ್ದೆ. ಒಂದು ಮಾತಿಲ್ಲ. ಅವನು ಬೆವರುವವರೆಗೆ ನೋಟ. ಆಮೇಲೆ, “ಯಾರಿಗೆ ಸೂಕ್ತರೀ? ನನಗೋ, ನಿಮ್ಮಪ್ಪಗೋ?”

ನೀನು ಆಸ್ಪತ್ರೆ ಸೇರಿದ ವಾರವೇ ಬಂದವನು ಚೇತನ್, ಬೆಂಗಳೂರಿನಿಂದ, ನಮ್ಮ ವಿಭಾಗದ ಹೊಸ ಮುಖ್ಯಸ್ಥ. ನಿನ್ನ ಜೊತೆ ಒಂದು ದಿನ ಕೆಲಸ ಮಾಡಿಲ್ಲ, ಆದರೂ ಸಂತಾಪ ಸಭೆಯಲ್ಲಿ ನಿನ್ನ ಬಗ್ಗೆ ಮಾತಾಡಿದ್ದು ಅವನೇ. “ಮಾಲತಿ ಮೇಡಂ ನಮ್ಮ ಪ್ರಾಡಕ್ಟ್ ಜರ್ನೀಲಿ ಒಂದು ಇಂಪಾರ್ಟೆಂಟ್ ಭಾಗ” ಎಂದ. ವಿಡಿಯೋ ಕರೆಯಲ್ಲಿ ಮೌನ ಆಚರಿಸಿದರು. ಮೌನವನ್ನೂ ಮ್ಯೂಟ್ ಮಾಡಿಕೊಂಡೇ ಆಚರಿಸಿದರು. ಪರದೆಯ ಮೇಲೆ ಒಬ್ಬ ಅವಲಕ್ಕಿ ಪೋಹೆ ತಿನ್ನುತ್ತಿದ್ದ. ಅದಾದ ಮೇಲೆ ಚೇತನ್ ಕೈಪಿಡಿ ಹಿಡಿದು ಕೂತ. “ಮೇಘಾ, ಇದೇನ್ರೀ, ‘ನಿಲ್ಲಿ’ ಅಂತ ಶುರುವಾಗುತ್ತೆ? ಕಸ್ಟಮರ್‌ಗೆ ಬೈದಂಗಿದೆ. ಫ್ರೆಂಡ್ಲಿ ಆಗಿರ್ಬೇಕು. ಡೀಫಾಲ್ಟ್ ಇದ್ಯಲ್ಲಾ, ನೆಕ್ಸ್ಟ್ ಒತ್ತಿದ್ರೆ ಮುಗೀತು.” ಒಂದು ಪುಟವನ್ನು ಕಡೆಯವರೆಗೆ ಓದುವ ತಾಳ್ಮೆ ಇಲ್ಲದವನು ಓದುಗರ ಬಗ್ಗೆ ನನಗೆ ಪಾಠ ಹೇಳಿ, ನಿನ್ನ ಪುಟ ಕಿತ್ತು ಆ ಒಂದು ಸಾಲು ಹಾಕಿದ.

ಹೋದ ಗುರುವಾರ ಚೇತನ್ ಮತ್ತು ನಾನು ಊರಾಚೆ ಭೋಸರಿಗೆ ಹೋಗಿದ್ದೆವು, ಕಾರ್ಖಾನೆಗಳ, ಮರಾಠಿ ಮಂದಿಯ ಜಾಗ. ಗಿಯರ್ ಚಕ್ರ ತಯಾರಿಸುವ ಒಂದು ಕಾರ್ಖಾನೆ. ಅಲ್ಲಿ ಚಕ್ರಗಳ ನಕ್ಷೆ ಬರೆಯುವ ವಿಭಾಗ ನೋಡಿಕೊಳ್ಳುವವರು ಗಾಯಕವಾಡ್ ಭಾವು, ಎಲ್ಲರಿಗೂ ಅಣ್ಣ. ನಿವೃತ್ತಿ ಹತ್ತಿರವಾದವರು, ಅನುಮಾನದ ಮನುಷ್ಯ, ನಿನಗೆ ಹಿಡಿಸುತ್ತಿದ್ದರು. ಅವರು ಇಷ್ಟು ವರ್ಷ ಬರೆದ ನಕ್ಷೆಗಳೆಲ್ಲ ಆ ಕೋಣೆಯ ಹಳೆಯ ಕಂಪ್ಯೂಟರ್‌ಗಳಲ್ಲಿವೆ, ಬೇರೆಲ್ಲೂ ಪ್ರತಿ ಇಲ್ಲ. ಪ್ರತಿ ಇಡಲೆಂದೇ ಹೊಸ ಸರ್ವರ್‌ಗಳು ಬಂದಿದ್ದವು, ಅವನ್ನು ಸಜ್ಜುಗೊಳಿಸಲೆಂದೇ ನಾವು. ಎಷ್ಟು ಸುಲಭ ಎಂದು ತೋರಿಸಲು ಚೇತನ್ ತಾನೇ ಕೂತ. ನೆಟ್‌ವರ್ಕ್ ಪರದೆ ಬಂತು. ಯಾವ ತಂತಿ? ಯಾವ ವಿಳಾಸಗಳು? ವಿಳಾಸ ಹಂಚುವವರು ಯಾರು? ಚೇತನ್ ಅದನ್ನು ಓದಲೂ ಇಲ್ಲ. ನೆಕ್ಸ್ಟ್. ನೆಕ್ಸ್ಟ್. ಮುಗಿಯಿತು ಎಂದು ಬಂದಾಗ ಎಲ್ಲರ ಜೊತೆ ಫೋಟೋ ತೆಗೆಸಿಕೊಂಡ.

ಊಟದ ಗಂಟೆ ಹೊಡೆದಾಗ ಗಾಯಕವಾಡರು ಎಂದಿನಂತೆ ನಕ್ಷೆ ಕೋಣೆಯ ಕಂಪ್ಯೂಟರ್‌ಗಳನ್ನೆಲ್ಲ ಆರಿಸಿದರು. ಊಟಕ್ಕೆ ಆರಿಸಿ, ಊಟವಾದ ಮೇಲೆ ಹಚ್ಚುವುದು ಅಲ್ಲಿನ ಪದ್ಧತಿ. ಎಲ್ಲರೂ ಡಬ್ಬಿ ಬಿಚ್ಚುತ್ತಿದ್ದರೆ ನಾನು ನಮ್ಮ ಸಾಫ್ಟ್‌ವೇರ್ ಇದ್ದ ಯಂತ್ರದ ಹಿಂದೆ ಹೋಗಿ ನೋಡಿದೆ. ನೀನೇ ಬರೆದಿದ್ದೆಯಲ್ಲ: ‘ನಿಲ್ಲಿ. ಕೈ ತೆಗೆಯಿರಿ. ಎದ್ದು ಯಂತ್ರದ ಹಿಂದೆ ಹೋಗಿ. ಯಾವ ತಂತಿ ಎಲ್ಲಿಗೆ ಹೋಗುತ್ತದೆ ಎಂದು ನಿಮ್ಮ ಕಣ್ಣಿನಿಂದ ನೋಡಿ.’ ಎರಡು ತಂತಿಗಳಿದ್ದವು. ಒಂದು ಹೊಸ ಸರ್ವರ್‌ಗಳಿಗೆ, ಇನ್ನೊಂದು ಗೋಡೆಯ ಮೂಲಕ ನಕ್ಷೆ ಕೋಣೆಗೆ. ಚೇತನ್ ಒತ್ತಿದ ಡೀಫಾಲ್ಟ್ ತಂತಿ ಸಿಕ್ಕಿಸುವ ಮೊದಲನೆಯ ಕಾರ್ಡನ್ನು ಹಿಡಿಯುತ್ತದೆ, ಮತ್ತು ಆ ಮೊದಲನೆಯದು... ಹೌದು, ನಕ್ಷೆ ಕೋಣೆಯದೇ. ಅಲ್ಲಿನ ಹಳೆಯ ಯಂತ್ರಗಳು ಎದ್ದ ಕೂಡಲೇ ತಮ್ಮ ಡಿಸ್ಕ್ ನೋಡುವ ಮೊದಲು ತಂತಿಯನ್ನೇ ವಿಳಾಸ ಕೇಳುತ್ತವೆ ಎಂದು ಗಾಯಕವಾಡರು ಬೆಳಿಗ್ಗೆಯೇ ಹೇಳಿದ್ದರು. ಚೇತನ್ ಆಗ ಫೋನ್ ನೋಡುತ್ತಿದ್ದ.

ಅವನ ಪಕ್ಕಕ್ಕೆ ಹೋಗಿ ಪಿಸುಗುಟ್ಟಿದೆ. “ಅಯ್ಯೋ ಮೇಘಾ, ಅದೆಲ್ಲಾ ಎಡ್ಜ್ ಕೇಸ್ ಕಣ್ರೀ, ಎಲ್ಲೋ ಲಕ್ಷಕ್ಕೊಂದು. ಡೆಮೊ ರೂಮಲ್ಲಿ ಎಷ್ಟ್ ಸಲ ಮಾಡಿಲ್ಲ ನಾನು?” ಎಂದು ಚಪಾತಿ ಮುರಿದ. ಡೆಮೊ ಕೋಣೆಯಲ್ಲಿ ನಮ್ಮ ಯಂತ್ರಗಳನ್ನು ಬಿಟ್ಟರೆ ಬೇರೇನಿದೆ ಮೌಶಿ? ಮನೆಯಲ್ಲಿ ಒಬ್ಬನೇ ಕೂತು ಚೆಸ್ ಆಡಿ ಗೆದ್ದವನ ಹೆಮ್ಮೆ ಅದು.

ಗಂಟೆ ಮತ್ತೆ ಹೊಡೆಯಿತು. ಗಾಯಕವಾಡರು ಕೈ ಒರೆಸಿಕೊಳ್ಳುತ್ತ ಸ್ವಿಚ್ಚಿನ ಕಡೆ ಹೊರಟರು. ಆಗ ನನಗೆ ಮಾತು ಬಂತು ಎಂದರೆ ಸುಳ್ಳಾಗುತ್ತದೆ. ಫೋನಿನಲ್ಲಿ ನಿನ್ನ ಹಳೆಯ ಪುಟ ತೆರೆದೆ, ಕೋಣೆಯ ನಡುವೆ ನಿಂತು ಓದಿದೆ, ನಮ್ಮ ಮಧ್ಯಾಹ್ನಗಳ ಅದೇ ದನಿಯಲ್ಲಿ, ಸಾಲು ಸಾಲಾಗಿ ಮರಾಠಿಗೆ ತಿರುಗಿಸುತ್ತ. ‘ನಿಲ್ಲಿ. ಈ ತಂತಿಯ ಮೇಲೆ ಯಾವ ಯಂತ್ರ ಎದ್ದರೂ ನಮ್ಮ ಸಾಫ್ಟ್‌ವೇರ್ ಅದನ್ನು ಖಾಲಿ ಯಂತ್ರವೆಂದೇ ತಿಳಿಯುತ್ತದೆ. ಅದರಲ್ಲಿರುವುದನ್ನು ಅಳಿಸುತ್ತದೆ. ಕೇಳುವುದಿಲ್ಲ.’ ಗಾಯಕವಾಡರ ಕೈ ಸ್ವಿಚ್ಚಿನ ಹತ್ತಿರವೇ ನಿಂತಿತು. “ಥಾಂಬಾ ರೇ! ಕೋಣೀ ಹಾತ್ ಲಾವೂ ನಕಾ!” ಎಂದು ಗುಡುಗಿದರು, ಯಾರೂ ಕೈ ಹಚ್ಚಬೇಡಿ ಎಂದು. ಯಾರೂ ಮುಟ್ಟಲಿಲ್ಲ.

ಚೇತನ್ ನಗುತ್ತ ಎದ್ದು ಬಂದ, ಏನೂ ಆಗುವುದಿಲ್ಲ ಎಂದ. ಗಾಯಕವಾಡರು ವಾದಿಸಲಿಲ್ಲ. ಮೂಲೆಯಲ್ಲಿ ಗುಜರಿಗೆಂದು ಇಟ್ಟಿದ್ದ ಒಂದು ಕಂಪ್ಯೂಟರನ್ನು ತಂದು ಅದೇ ತಂತಿಗೆ ಹಚ್ಚಿ, “ಘ್ಯಾ ಸಾಹೇಬ, ಕರಾ ಚಾಲೂ” ಎಂದು ಅವನಿಗೇ ಗುಂಡಿ ತೋರಿಸಿದರು. ಅವನೇ ಒತ್ತಿದ. ಯಂತ್ರ ವಿಳಾಸ ಕೇಳಿತು, ನಮ್ಮದು ಕೊಟ್ಟಿತು, ಎಲ್ಲರೂ ನೋಡುತ್ತಿದ್ದಂತೆ ಡಿಸ್ಕನ್ನು ನುಣ್ಣಗೆ ಬೋಳಿಸಿತು. ಚೇತನ್ ಏನೆಂದ ಹೇಳು? “ಇದು ಎಕ್ಸ್‌ಪೆಕ್ಟೆಡ್ ಬಿಹೇವಿಯರ್.” ನಿನ್ನಾಣೆ, ಹಾಗೇ ಎಂದ.

ಆಮೇಲೆ ನಮ್ಮ ಯಂತ್ರದ ಮುಂದೆ ಗಾಯಕವಾಡರು ಕೂತರು. ನಾನು ಓದಿದೆ, ಅವರು ಓದಿದ್ದನ್ನಷ್ಟೇ ಮಾಡಿದರು. ಕಾರ್ಡು ಬದಲಾಯಿತು, ನಕ್ಷೆ ಕೋಣೆಯ ತಂತಿಗೆ ವಿಳಾಸ ಹಂಚುವುದು ನಿಂತಿತು, ಹೊಸ ಸರ್ವರ್‌ಗಳಿಗೆ ಅವುಗಳದೇ ವಿಳಾಸಗಳು ಸಿಕ್ಕವು. ನಕ್ಷೆಗಳಿಗೆ ಒಂದು ಗೆರೆಯೂ ಕಡಿಮೆಯಾಗಲಿಲ್ಲ. ಮುಗಿದ ಮೇಲೆ ಇದನ್ನು ಬರೆದವರು ಯಾರು ಎಂದು ಕೇಳಿದರು. ನನ್ನ ಮಾವಶಿ ಎಂದೆ. “ಬಾಈ ರಾಗೀಟ ದಿಸತೇ” ಎಂದರು. ಸಿಟ್ಟಿನ ಹೆಂಗಸು ಕಾಣುತ್ತಾಳಂತೆ. ಭಾಳ ಸಿಟ್ಟಿನವಳು ಎಂದೆ. ಇದ್ದಳು ಎನ್ನಲು ನಾಲಿಗೆ ಹೊರಳಲಿಲ್ಲ...

ಮರುದಿನ ಚೇತನ್ ಮೇಲಿನವರಿಗೆಲ್ಲ ಇಮೇಲ್ ಕಳಿಸಿದ: ‘ನಮ್ಮ ತಂಡ ಕೈಪಿಡಿಯಲ್ಲಿ ಸುಧಾರಣೆಯ ಒಂದು ಅವಕಾಶವನ್ನು ಗುರುತಿಸಿದೆ.’ ಗುರುತಿಸಿದೆಯಂತೆ! ನಿನ್ನ ಪುಟ ವಾಪಸು ಬರಲಿ, ಆದರೆ ‘ನಿಲ್ಲಿ’ ಬದಲು ‘ದಯವಿಟ್ಟು ಗಮನಿಸಿ’ ಎಂದಿರಲಿ ಎಂದು ನನಗೆ ಸೂಚನೆ ಬಂತು. ಆಗುವುದಿಲ್ಲ ಎಂದು ಬರೆದೆ. ಒಂದೇ ಸಾಲು, ಕಾರಣ ಕೊಡಲಿಲ್ಲ. ಅದರ ಕೆಳಗೆ, ಬೇಕಿದ್ದರೆ ಓದು-ಮಾಡು ಮಾಡಿ ನೋಡೋಣ, ನೀವೇ ಕೂಡಿ, ನಿಮ್ಮ ಸಾಲು, ಹಳೆಯ ಪುಟ ಎರಡೂ ಓದುತ್ತೇನೆ ಎಂದೆ. ನನ್ನ ಉತ್ತರದ ಪ್ರತಿ ಗಾಯಕವಾಡರಿಗೂ ಹೋಗಿತ್ತು, ಹಾಗಾಗಿ ಅವನು ಒಪ್ಪಲೇಬೇಕಾಯಿತು.

ನಾಳೆ ಮಧ್ಯಾಹ್ನ ಅವನು ನಿನ್ನ ಕುರ್ಚಿಯಲ್ಲಿ ಕೂಡುತ್ತಾನೆ ಮೌಶಿ. ಮೊದಲು ಅವನದೇ ಸಾಲು ಓದುತ್ತೇನೆ. ‘ಸೂಕ್ತವಾಗಿ’ ಬಂದ ಕೂಡಲೇ ನಿಲ್ಲಿಸಿ, ಕಾಗದ ಕೆಳಗಿಟ್ಟು, ಅವನನ್ನು ನೋಡುತ್ತೇನೆ. ನನಗೆ ಕನ್ನಡಕವಿಲ್ಲ, ಆದರೂ ಮೇಲಿಂದಲೇ ನೋಡುತ್ತೇನೆ. ಒಂದು ಮಾತಾಡುವುದಿಲ್ಲ. ಅವನು ಬೆವರುವವರೆಗೆ.

ನಿನ್ನ ಮೂಕಿ