ಉಪ್ಪಿನ ಬಂಡೆಯ ಬಳಿ ಬರೆದ ಕಾಗದ

ಕೋಕ್‌ಸಾಯ್
ನವೆಂಬರ್ 6, ಗುರುವಾರ

ಪ್ರೀತಿಯ ತಂಗಿ ಕುಲ್ಯಾಷ್‌ಗೆ ಅಣ್ಣ ಬೈಗಾಲಿಯ ಆಶೀರ್ವಾದಗಳು.

ಹೇಗಿದ್ದೀಯಮ್ಮಾ? ಮೊಣಕಾಲು ನೋವು ಆ ಕಡಲಗಾಳಿಗೆ ಹೆಚ್ಚಾಗಿದೆಯೋ, ಇಳಿದಿದೆಯೋ? ಮಗಳು ಬಾಗಿಲಾ ಎದ್ದು ಓಡಾಡುತ್ತಿದ್ದಾಳೆಯೇ, ಅವಳ ಹಾಲು ಅವಳಿ ಮಕ್ಕಳಿಬ್ಬರಿಗೂ ಸಾಲುತ್ತಿದೆಯೇ? ಅಳಿಯ ಎರ್ಮೆಕ್‌ನ ಬೆನ್ನು ಹೇಗಿದೆ? ಬಂದರಿನಲ್ಲಿ ಮೂಟೆ ಎತ್ತುವ ಕೆಲಸ ಬಿಟ್ಟು ಕ್ರೇನಿಗೆ ಹತ್ತಿದ್ದಾನೆಂದು ಕೇಳಿ ಸಂತೋಷವಾಯಿತು. ಪುಟ್ಟಿ ಇನ್ಕಾರಳ ಹೊಟ್ಟೆನೋವು ನಿಂತಿತೇ? ಅನ್ಸಾರ್ ತೊಟ್ಟಿಲ ಪಟ್ಟಿಯಿಂದ ಕೈ ಕಟ್ಟಿಸಿಕೊಳ್ಳುವುದಿಲ್ಲ ಎಂದು ಬರೆದಿದ್ದೆ. ಕಟ್ಟಬೇಡ, ಬಿಡು. ನಾನೂ ಹಾಗೆಯೇ ಇದ್ದೆನಂತೆ, ನಮ್ಮಮ್ಮ ಹೇಳುತ್ತಿದ್ದಳು. ನಾವಿಬ್ಬರೂ ಇಲ್ಲಿ ಆರೋಗ್ಯವಾಗಿದ್ದೇವೆ. ನಿನ್ನ ಅತ್ತಿಗೆ ಶೋಲ್ಪಾನ್ ಹೊಸ ಕನ್ನಡಕ ಹಾಕಿಸಿಕೊಂಡಿದ್ದಾಳೆ, ಈಗ ನನ್ನ ಅಂಗಿಯ ಕೊಳೆಯೆಲ್ಲ ಕಾಣುತ್ತಿದೆ. ನಿನ್ನ ಎರಡು ಹಸು, ಬೂದುಬಣ್ಣದ ಹೆಣ್ಣುಕುದುರೆ ನಮ್ಮ ಕೊಟ್ಟಿಗೆಯಲ್ಲೇ ಇವೆ. ಕುದುರೆಗೆ ಲಾಳ ಹೊಡೆಸಿದೆ. ನಿನ್ನ ಮನೆಯ ಹೊಗೆಗೊಳವೆ ಗುಡಿಸಿ, ಎರಡು ದಿನಕ್ಕೊಮ್ಮೆ ಒಲೆ ಹಚ್ಚಿ ಬರುತ್ತಿದ್ದೇನೆ, ಗೋಡೆಗೆ ತಂಡಿ ಹಿಡಿಯದಿರಲಿ ಎಂದು.

ಅದನ್ನು ಸರ್ಸೆನ್ ಮಾಡಬಹುದಲ್ಲ ಎಂದು ನೀನು ಕೇಳುತ್ತೀಯ. ಮೊನ್ನೆ ಫೋನಿನಲ್ಲೂ ಕೇಳಿದೆ, ನನ್ನ ಮಗ ಯಾಕೆ ಫೋನ್ ಎತ್ತುವುದಿಲ್ಲ ಎಂದು. ಮೇಲೆ ಬೆಟ್ಟದಲ್ಲಿದ್ದಾನೆ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದೆ. ಅದು ಸುಳ್ಳು, ತಂಗಿ. ನಿನ್ನ ಮಗ ಹತ್ತು ದಿನದಿಂದ ಜಿಲ್ಲಾ ಠಾಣೆಯ ಲಾಕಪ್ಪಿನಲ್ಲಿದ್ದಾನೆ. ನಾವು ಕಾಯುವ ಬೇಟೆನೆಲದೊಳಗೆ ನುಗ್ಗಿ ಕದ್ದು ಬೇಟೆಯಾಡಿದ್ದಾನೆಂದು ಕೇಸು. ಬರೆದುಕೊಟ್ಟವನು ನಾನು. ವಿಚಾರಣೆ ಇದೇ ತಿಂಗಳು ಇಪ್ಪತ್ತನಾಲ್ಕಕ್ಕೆ. ಮೂರು ವರ್ಷವಾದರೂ ಆಗಬಹುದು ಎನ್ನುತ್ತಾನೆ ವಕೀಲ. ನಿನ್ನ ದನಿ ಕೇಳಿದರೆ ನನ್ನ ನಾಲಿಗೆ ಹೊರಳುವುದಿಲ್ಲ, ಅದಕ್ಕೇ ಕಾಗದ ಹಿಡಿದು ಕೂತೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರಹ, ತಪ್ಪಿದ್ದರೆ ಬಾಗಿಲಾ ತಿದ್ದಿ ಓದಿ ಹೇಳಲಿ. ಬೇಡ, ಬಾಗಿಲಾಳ ಕೈಗೆ ಕೊಡಬೇಡ, ಹಸಿ ಬಾಣಂತಿ. ನೀನೇ ಓದಿಕೋ.

ಮೊದಲಿನಿಂದ ಹೇಳುತ್ತೇನೆ. ಸೋದರಳಿಯನಿಗೆ ಮಾವನ ಮನೆಯಲ್ಲಿ ಮೂರು ಸಲ ಕೇಳದೆ ಕೈಹಾಕುವ ಹಕ್ಕು, ಮಾವ ತುಟಿ ಬಿಚ್ಚುವ ಹಾಗಿಲ್ಲ. ನಮ್ಮಲ್ಲಿ ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದೂ ಇಲ್ಲ. ಸರ್ಸೆನ್ ಹನ್ನೆರಡನೇ ವಯಸ್ಸಿಗೆ ನನ್ನ ಕೆಂದು ಮರಿಗುದುರೆಯನ್ನು ಹಗ್ಗ ಬಿಚ್ಚಿ ಒಯ್ದ. ಹತ್ತೊಂಬತ್ತಕ್ಕೆ, ಸೈನ್ಯದಿಂದ ಬಂದ ದಿನ, ಅಪ್ಪ ನನಗೆ ಬಿಟ್ಟುಹೋದ ಬೆಳ್ಳಿ ಗುಬುಟಿನ ಜೀನನ್ನು ಹೆಗಲಿಗೆ ಹಾಕಿಕೊಂಡು ಹೋದ. ನೀನು ಆವತ್ತು ಅತ್ತೆ, ನಾನು ನಕ್ಕೆ. ಅಲ್ಲಿಂದ ಹತ್ತು ವರ್ಷ, ಮನೆಗೆ ಬಂದಾಗಲೆಲ್ಲ ಗೋಡೆ ಮೂಲೆ ನೋಡಿ, “ಮಾವಾ, ನನ್ನ ಮೂರನೇದು ಇನ್ನೂ ಬಾಕಿ ಇದೆ, ಹುಷಾರು!” ಎನ್ನುತ್ತಿದ್ದ. ಶೋಲ್ಪಾನ್ ಚಹಾ ಕಾಯಿಸುವ ಸಮೋವರನ್ನು ಶಾಲಿನಲ್ಲಿ ಮುಚ್ಚುವ ಹಾಗೆ ನಟಿಸುತ್ತಿದ್ದಳು.

ಸೆಪ್ಟೆಂಬರಿನಲ್ಲಿ, ನೀನು ಮಗಳ ಬಾಣಂತನಕ್ಕೆ ರೈಲು ಹತ್ತಿದ ಮೂರನೆಯ ವಾರ, ಮೇಲಿನ ಹೊಳೆಯ ದಾಟಿನಲ್ಲಿ ಎದುರಾದ. ಜೀನಿನ ಮುಂದೆ ಹೊಡೆದುಹಾಕಿದ ಬೆಟ್ಟದ ಕಾಡುಹೋತ, ಇನ್ನೂ ಬಿಸಿಯಾಗಿತ್ತು. ನನ್ನನ್ನು ನೋಡಿ ಹೆದರಲೂ ಇಲ್ಲ. “ಕಣ್ಣು ಕೆಂಪು ಮಾಡ್ಬೇಡಿ ಮಾವಾ, ಇದೇ ನನ್ನ ಮೂರನೇದು. ಮುಗೀತು, ಇನ್ನು ನಿಮ್ಮ ಸಮೋವರ್ ಸೇಫು” ಎಂದ. ನಾನು, “ನಿನ್ನ ಬದಲು ಏಳು ತೋಳ ಬಂದಿದ್ರೂ ವಾಸಿಯಿತ್ತು ಕಣೋ” ಎಂದು ಬೈದು, ಕುದುರೆಯನ್ನು ಪಕ್ಕಕ್ಕೆ ತಿರುಗಿಸಿ ದಾರಿ ಬಿಟ್ಟೆ. ಸಂಜೆ ಒಂದು ತೊಡೆ ಕಳಿಸಿದ. ಬೇಯಿಸಿ ತಿಂದೆವು. ಮರಿಗುದುರೆ ನನ್ನದಾಗಿತ್ತು, ಜೀನು ನನ್ನದಾಗಿತ್ತು. ಹೋತ ನನ್ನದಾಗಿರಲಿಲ್ಲ. ನಾವು ಚಿಕ್ಕವರಿದ್ದಾಗ ಆ ಕಣಿವೆ ಎಲ್ಲರದೂ ಆಗಿತ್ತು, ಈಗ ಗುತ್ತಿಗೆ ಹಿಡಿದ ಯಜಮಾನನದು. ವರ್ಷಕ್ಕೆ ನಾಲ್ಕು ಹೋತಕ್ಕೆ ಪರವಾನಗಿ, ಹೊರದೇಶದವರು ಬಂದು ಹೊಡೆದುಕೊಂಡು ಹೋಗುತ್ತಾರೆ, ಉಳಿದವನ್ನು ನಾನು ಮತ್ತು ತುರಾರ್ ಕಾಯುತ್ತೇವೆ. ಹದಿನಾರು ವರ್ಷ ಕಾದವನಿಗೆ ಅದು ಯಾರದೆಂದು ಆ ದಾಟಿನಲ್ಲಿ ಮರೆತುಹೋಯಿತು. ಅಲ್ಲ, ಮರೆಯಲಿಲ್ಲ. ಮಾವನಾಗಿ ಕೊಡುವ ಸುಖಕ್ಕೆ ಕೊಟ್ಟುಬಿಟ್ಟೆ.

ನಾನು ಕಳ್ಳಬೇಟೆಯವರನ್ನು ಹಿಡಿಯುವ ರೀತಿ ನಿನಗೆ ಗೊತ್ತೇ ಇದೆ, ಎಷ್ಟು ಸಲ ಅದಕ್ಕೆ ನಕ್ಕಿದ್ದೀಯ. ಕೂಗುವುದಿಲ್ಲ, ಬಂದೂಕು ತೋರಿಸುವುದಿಲ್ಲ. ಕುದುರೆಯಿಂದ ಇಳಿದು, ಸಲಾಮು ಹೇಳಿ, ಫ್ಲಾಸ್ಕಿನಿಂದ ಚಹಾ ಸುರಿದು ಕೊಡುತ್ತೇನೆ. ಬಟ್ಟಲು ಹಿಡಿಯಬೇಕಾದರೆ ಬಂದೂಕು ಕೆಳಗಿಡಲೇಬೇಕು. ಮೊದಲು ಚಹಾ, ಆಮೇಲೆ ಕೇಸಿನ ಕಾಗದ. ಅಣಬೆ ಕೀಳಲು ಬಂದ ಹೆಂಗಸರಿಗೆ ಬರಿಯ ಚಹಾ. ಕಳೆದ ಚಳಿಗಾಲ ನೆರೆಮನೆಯ ಕೆನ್‌ಜೆಬೈನ ಕಿರಿಮಗ ಅಸ್ಕರ್ ಜಿಂಕೆಗೆ ಉರುಳು ಹಾಕಿ ಸಿಕ್ಕಿದನಲ್ಲ, ಅವನಿಗೂ ಹಾಗೆಯೇ ಚಹಾ ಕೊಟ್ಟು ಕಾಗದ ಬರೆದೆ. ನನ್ನ ಜೊತೆಗಾರ ತುರಾರ್ ಆ ಹುಡುಗನ ಸ್ವಂತ ಅಣ್ಣ. ಕಾಗದದ ಅಡಿ ಹಲಗೆ ಹಿಡಿದು ನಿಂತಿದ್ದ, ಆಮೇಲೆ ಸಾಕ್ಷಿಯಾಗಿ ಸಹಿ ಹಾಕಿದ. ಕೆನ್‌ಜೆಬೈ ನಮ್ಮ ಬಾಗಿಲಿಗೆ ಬಂದು, “ಬೈಗಾಲಿ, ಹುಡುಗು ಬುದ್ಧಿ ಮಾರಾಯ, ಆ ಕಾಗದ ಒಲೆಗೆ ಹಾಕು” ಎಂದ. “ಒಲೆಗೆ ಕಲ್ಲಿದ್ದಲು ಹಾಕ್ತೀನಿ, ಕಾಗದ ಹಾಕಲ್ಲ” ಎಂದೆ. ಚೆನ್ನಾಗಿ ಹೇಳಿದೆನೆಂದು ನಾಲ್ಕು ಕಡೆ ಹೇಳಿಕೊಂಡು ತಿರುಗಿದೆ ಕೂಡ. ಅವನು ಹೋಗುವಾಗ, “ಆಯ್ತು, ನಿನ್ ರಕ್ತದೋನು ಸಿಕ್ಕಿದಾಗ ನೋಡೋಣ” ಎಂದು ಹೋದ.

ಅಕ್ಟೋಬರ್ ಇಪ್ಪತ್ತೇಳು, ಸೋಮವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಎರಡು ಗುಂಡಿನ ಸದ್ದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಸದ್ದು ಬಂದದ್ದು ಉಪ್ಪಿನ ಬಂಡೆಯ ಕಡೆಯಿಂದ. ಹೋತಗಳು ನೆಕ್ಕಲೆಂದು ನಾವೇ ಉಪ್ಪು ಹೊತ್ತು ಇಡುವ ಜಾಗ ಅದು, ಕೆಳಗಿನಿಂದ ಕಾಣುವುದಿಲ್ಲ. ನನಗೆ, ತುರಾರ್‌ಗೆ ಬಿಟ್ಟರೆ, ಉಪ್ಪಿನ ಮೂಟೆ ಹೊರಲು ಎರಡು ವರ್ಷ ನಮ್ಮ ಜೊತೆ ಬಂದವನಿಗೆ ಮಾತ್ರ ಗೊತ್ತು. ಏರುತ್ತಿರುವಾಗಲೇ ನನಗೆ ತಿಳಿದಿತ್ತು. ತುರಾರ್‌ಗೂ ತಿಳಿದಿತ್ತು, ಅವನು ತನ್ನ ಕುದುರೆಯನ್ನು ಹಿಂದೆಯೇ ಇಟ್ಟುಕೊಂಡ. ಹೊರಗಿನವರಿಬ್ಬರು ನಮ್ಮನ್ನು ಕಂಡು ಜಾರುಗಲ್ಲಿನಲ್ಲಿ ಇಳಿದು ಜೀಪು ಹತ್ತಿ ಓಡಿದರು. ಹೆಬ್ಬಾಗಿಲ ಸರಪಳಿ ಕತ್ತರಿಸಿ ಬಂದಿದ್ದರು, ಹಾಗೇ ಹೋದರು. ಬಂಡೆಯ ಬುಡದಲ್ಲಿ ದೊಡ್ಡ ಹೋತ ಒಂದು, ಹೆಣ್ಣು ಎರಡು. ಸರ್ಸೆನ್ ಮಂಡಿಯೂರಿ ಚರ್ಮ ಬಿಡಿಸುತ್ತಿದ್ದ. ಹೆಜ್ಜೆ ಸದ್ದಿಗೆ ಬೆಚ್ಚಿ ಚಾಕು ಎತ್ತಿದವನು ನನ್ನ ಮುಖ ನೋಡಿ ಕೈ ಇಳಿಸಿದ. “ಅಬ್ಬಾ, ನೀವಾ ಮಾವಾ! ಯಾರೋ ಅಂದ್ಕೊಂಡೆ” ಎಂದ. ಅವನ ಭುಜ ಎರಡೂ ಸಡಿಲವಾದವು ತಂಗಿ, ಮನೆಗೆ ಬಂದವನ ಹಾಗೆ. ಆಮೇಲೆ, “ಫ್ಲಾಸ್ಕಲ್ಲಿ ಚಹಾ ಇದೆಯಾ?” ಎಂದು ಕೇಳಿದ.

ಸುರಿದು ಕೊಟ್ಟೆ. ಕುಡಿಯುತ್ತಾ ಎಲ್ಲ ಹೇಳಿದ. ಓಡಿದವರಿಬ್ಬರು ಕೊಂಬಿಗಾಗಿ ಬಂದ ವ್ಯಾಪಾರಿಗಳು, ಜಾಗ ತೋರಿಸಿದರೆ ಅವನಿಗೊಂದು ದುರ್ಬೀನಿನ ಬಂದೂಕು ಕೊಡಿಸುತ್ತೇವೆಂದಿದ್ದರಂತೆ. “ಒಂದೇ ಅಂದಿದ್ರು ಮಾವಾ, ಹೆಣ್ಣುಗಳಿಗೆ ಹೊಡೀಬೇಡಿ ಅಂತ ನಾನು ಕಿರುಚಿದೆ” ಎಂದ. ನಿಜವಿರಬಹುದು. “ನಿನ್ನ ಮೂರು ಮುಗಿದಿದ್ವಲ್ಲೋ” ಎಂದೆ. ಅವನು ನಕ್ಕ, ನಾನು ತಮಾಷೆ ಮಾಡುತ್ತಿದ್ದೇನೆಂದು. ಅಷ್ಟರಲ್ಲಿ ತುರಾರ್ ಜೀನಿನ ಚೀಲದಿಂದ ಹಲಗೆ, ಕಾಗದ, ಪೆನ್ನು ತೆಗೆದು ನನ್ನ ಮುಂದೆ ಹಿಡಿದ. “ಬರೀರಿ ಬೈಗಾಲಣ್ಣ. ನಿಮ್ಮ ಕೈಬರಹ ಚೆನ್ನಾಗಿದೆ” ಎಂದ. ಅಷ್ಟೇ ಅಂದದ್ದು. ದನಿ ಎತ್ತಲಿಲ್ಲ, ಹಂಗಿಸಲೂ ಇಲ್ಲ. ನಾನು ಬರೆದೆ. ಹೆಸರು ಬರೆದೆ, ಊರು ಬರೆದೆ. ಹುಟ್ಟಿದ ದಿನ ಕೇಳುವ ಅಗತ್ಯ ಬೀಳಲಿಲ್ಲ, ಆವತ್ತು ಸೂಲಗಿತ್ತಿಯನ್ನು ಕುದುರೆಯ ಮೇಲೆ ಕರೆತಂದವನು ನಾನೇ. ಸರ್ಸೆನ್ ಬಟ್ಟಲು ಹಿಡಿದೇ ನೋಡುತ್ತಿದ್ದ. ಅರ್ಧ ಕಾಗದ ತುಂಬಿದ ಮೇಲೆ, “ಮಾವಾ, ನಿಜವಾಗ್ಲೂ ಬರೀತಿದ್ದೀರಾ?” ಎಂದ. ಹೂಂ ಎಂದೆ. ಅವನು ಉಳಿದ ಚಹಾ ಚೆಲ್ಲಿ, ಬಟ್ಟಲನ್ನು ಹುಲ್ಲಿಗೆ ಒರೆಸಿ, ಮುಚ್ಚಳದ ಮೇಲೆ ಬೋರಲು ಹಾಕಿಟ್ಟ. ನೀನು ಕಲಿಸಿದ ಹಾಗೆಯೇ.

ಅವತ್ತಿನಿಂದ ನನಗೆ ಏನೂ ಆಗುತ್ತಿಲ್ಲ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ. ಅಳು ಬರುತ್ತದೆಂದು ಕೊಟ್ಟಿಗೆಯಲ್ಲಿ ಒಬ್ಬನೇ ಕೂತು ನೋಡಿದೆ, ಅದೂ ಇಲ್ಲ. ಬೆಳಿಗ್ಗೆ ಏಳುತ್ತೇನೆ, ಹುಲ್ಲು ಹಾಕುತ್ತೇನೆ, ಗಸ್ತು ಹೋಗುತ್ತೇನೆ. ಶೋಲ್ಪಾನ್ ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿಬಿಟ್ಟಿದ್ದಳು, ನಾನು ಪೂರ್ತಿ ತಿಂದೆ. “ಗೊತ್ತಾಗ್ಲಿಲ್ವಾ ನಿಮಗೆ?” ಎಂದು ಕೇಳಿದಳು. ಗೊತ್ತಾಗಿರಲಿಲ್ಲ. ಕೆನ್‌ಜೆಬೈ ರಸ್ತೆಯಲ್ಲಿ ಎದುರಾದಾಗ ಏನಾದರೂ ಅನ್ನುತ್ತಾನೆಂದುಕೊಂಡೆ. ಟೋಪಿ ಮುಟ್ಟಿ ಸಲಾಮು ಮಾಡಿ ಹೋದ. ಯಜಮಾನ ಅಲ್ಮಾಟಿಯಿಂದ ಫೋನು ಮಾಡಿ, “ನಿಮ್ಮಂಥ ಇನ್ನಿಬ್ಬರಿದ್ದಿದ್ರೆ ಸಾಕಿತ್ತು ಅಜ್ಜಾ” ಎಂದು ಹೊಗಳಿದ. ಥ್ಯಾಂಕ್ಸ್ ಎಂದೆ. ಶನಿವಾರ ಬಸ್ಸು ಹಿಡಿದು ಠಾಣೆಗೆ ಹೋಗಿದ್ದೆ, ಉಣ್ಣೆಯ ಕಾಲುಚೀಲ, ಒಣಮೊಸರಿನ ಉಂಡೆ, ಕರಿದ ರೊಟ್ಟಿ ಕಟ್ಟಿಕೊಂಡು. ಒಳಗೆ ಬಿಡಲಿಲ್ಲ, ಗಂಟು ತೆಗೆದುಕೊಂಡರು. ಅವನು ಆರೋಗ್ಯವಾಗಿದ್ದಾನಂತೆ, ಊಟ ಮಾಡುತ್ತಾನಂತೆ. ಯಾರು ಬಂದಿದ್ದಾರೆಂದು ಕೇಳಿದನೇ ಎಂದೆ. ಕೇಳಲಿಲ್ಲವಂತೆ.

ನೀನು ಓಡಿ ಬರಬೇಡ. ಮೂರು ದಿನದ ರೈಲು, ಅಲ್ಲಿ ಎರಡು ಹಸುಗೂಸು. ಬಾಗಿಲಾಳಿಗೆ ಹೇಗೆ, ಯಾವಾಗ ಹೇಳಬೇಕೋ ನಿನಗೆ ಬಿಟ್ಟದ್ದು. ಮಕ್ಕಳಿಬ್ಬರ ಹಣೆಗೆ ನನ್ನ ಮುತ್ತು, ಎರ್ಮೆಕ್‌ಗೆ ಆಶೀರ್ವಾದ. ಶೋಲ್ಪಾನ್ ನಿನ್ನ ಕೈ ಹಿಡಿದಿದ್ದೇನೆಂದು ಬರೆಯಲು ಹೇಳಿದಳು. ದೇವರು ನಿಮ್ಮೆಲ್ಲರ ಒಲೆ ಬೆಚ್ಚಗಿಟ್ಟಿರಲಿ.

ನಿನ್ನ
ಬೈಗಾಲಿ

ಕಾಗದ ಮಡಚಿ ಆಗಿತ್ತು, ಮತ್ತೆ ಬಿಚ್ಚಿದೆ. ಬರೆಯಬೇಕಾದ್ದನ್ನೇ ಬರೆದಿರಲಿಲ್ಲ. ಆ ನಮೂನೆಯಲ್ಲಿ ಒಂದು ಸಾಲಿದೆ: ಬರೆಯುವವನಿಗೂ ಸಾಕ್ಷಿಗೂ ಸಿಕ್ಕಿಬಿದ್ದವನ ಜೊತೆ ಏನು ಸಂಬಂಧ ಎಂದು. ನಾನು ‘ಇಲ್ಲ’ ಎಂದು ಬರೆದೆ. ಯಾಕೆಂದು ನನಗೇ ಗೊತ್ತಿಲ್ಲ, ಕೈ ಬರೆಯಿತು. ನಿಯಮದಂತೆ ಗಟ್ಟಿಯಾಗಿ ಓದಿ ಹೇಳಬೇಕು, ತುರಾರ್ ಓದಿದ, ಆ ಸಾಲನ್ನೂ ಬಿಡದೆ ಓದಿದ. ಅವನು ಕಳೆದ ಚಳಿಗಾಲ ತಮ್ಮ ಅಸ್ಕರ್‌ನ ಕಾಗದಕ್ಕೆ ಸಾಕ್ಷಿ ಸಹಿ ಹಾಕುವಾಗ ಅದೇ ಸಾಲಿನಲ್ಲಿ ‘ಒಡಹುಟ್ಟಿದವನು’ ಎಂದು ಬರೆದಿದ್ದ. ಸರ್ಸೆನ್ ಕೇಳಿಸಿಕೊಂಡ, ನನ್ನ ಕಡೆ ನೋಡಲಿಲ್ಲ. ನಿನ್ನೆ ವಕೀಲನಿಗೆ ಎಲ್ಲ ಹೇಳಿದೆ. ಬಂಧು ಬರೆದ ಕಾಗದ ನಿಲ್ಲುವುದಿಲ್ಲವಂತೆ, ತುರಾರ್ ಹೊಸದಾಗಿ ಬರೆಯಬೇಕು, ಅಲ್ಲಿಯವರೆಗೆ ಹುಡುಗನನ್ನು ಮನೆಗೆ ಬಿಡುತ್ತಾರಂತೆ. ಹೊಸ ಕಾಗದದಲ್ಲಿ ಸೆಪ್ಟೆಂಬರಿನ ಹೋತವೂ ಇರಲಿ, ದಾರಿ ಬಿಟ್ಟ ನನ್ನ ಹೆಸರೂ ಇರಲಿ ಎಂದು ತುರಾರ್‌ಗೆ ಹೇಳಿದ್ದೇನೆ, ಕೆಲಸ ಹೋದರೆ ಹೋಗಲಿ. ಆದರೆ ನಾನು ಅವನ ಮಾವನೆಂಬ ಮಾತನ್ನು ಈಗ ಠಾಣೆಯವರು ನಂಬುವುದಿಲ್ಲ. ಅಪ್ಪ ಮನೆತನದ ಹೆಸರಾಗಿ ನನಗೆ ತಾತನ ಹೆಸರನ್ನು, ನಿನಗೆ ತನ್ನ ಹೆಸರನ್ನು ಬರೆಸಿದ್ದರಿಂದ ನಾವಿಬ್ಬರೂ ಒಡಹುಟ್ಟಿದವರೆಂದು ಕಚೇರಿಯ ಯಾವ ದಾಖಲೆಯೂ ಹೇಳುವುದಿಲ್ಲ. ನಿನ್ನ ಕೈಬರಹದ ಕಾಗದವೇ ಆಗಬೇಕಂತೆ, ಬೈಗಾಲಿ ನನ್ನ ಅಣ್ಣ ಎಂದು, ಕೆಳಗೆ ನಿನ್ನ ಸಹಿ. ಇಪ್ಪತ್ತನಾಲ್ಕರೊಳಗೆ ಇಲ್ಲಿ ಸೇರಬೇಕು. ಮಗನನ್ನು ಬಿಡಿಸಲೆಂದು ಮಾತ್ರ ಬರೆದರೂ ಸರಿ, ನಾನು ಏನೂ ಅಂದುಕೊಳ್ಳುವುದಿಲ್ಲ. ಒಂದೇ ಸಾಲು ಸಾಕು ತಂಗಿ. ಬೇಗ ಬರೆ.