ನೀನು ಬರೆದ ಕಂತು ನೋಡಿದೆವು

ಅಪ್ಪಾ, ಎಷ್ಟು ಖುಷಿಯಾಗಿದ್ದೇನೆ ಗೊತ್ತಾ! ಕಳಿಸದ ಪತ್ರವಾದ್ದರಿಂದ ನಾಚಿಕೆಯಿಲ್ಲದೆ ಹೇಳುತ್ತೇನೆ: ಮದುವೆಯಾಗಿ ನಲವತ್ತು ದಿನ, ಇವನು ಇನ್ನೂ ನನ್ನ ಕಾಫಿಗೆ ಸಕ್ಕರೆ ಮರೆಯುತ್ತಾನೆ, ನನಗೆ ಇನ್ನೂ ಅದು ಸಿಹಿಯಾಗಿಯೇ ಇದೆ!

ನಿನ್ನೆ ಅತ್ತೆಯ ಜೊತೆ ಕೂತು ನಿನ್ನ ಧಾರಾವಾಹಿ ನೋಡಿದೆ. ಬರೆಯುವವನು ನೀನೆಂದು ಅವರಿಗೆ ಹೇಳಿಲ್ಲ. ನಿನ್ನೆಯ ಕಂತಿನಲ್ಲಿ, ಬೇರೆ ಧರ್ಮದವನನ್ನು ಮದುವೆಯಾದ ಮಗಳ ಮನೆಗೆ ಅಪ್ಪ ತಾನಾಗಿಯೇ ಬಂದು ಬಾಗಿಲು ತಟ್ಟಿದ. ಅತ್ತೆ ಗಳಗಳನೆ ಅತ್ತರು. ಆಮೇಲೆ ಮೂಗು ಒರೆಸಿಕೊಂಡು, "ಅಲ್ಲ ಕಣೇ, ನಿನ್ನ ದೇವರ ಪಟಾನ ಬಟ್ಟೆ ಬೀರುವಲ್ಲಿ ಯಾಕೆ ಬಚ್ಚಿಟ್ಟಿದ್ದೀಯ? ಪಾಪ, ಉಸಿರು ಕಟ್ಟಲ್ವಾ? ತಂದು ನಮ್ಮ ದೇವರ ಪಕ್ಕ ಇಡು" ಅಂದರು!

ಇಷ್ಟು ದಿನ ಬಾರದ ಮಾತು! ನಿನ್ನ ದೃಶ್ಯ ಅವರನ್ನು ಬದಲಿಸಿತೋ, ಮೊದಲೇ ಬದಲಾದವರಿಗೆ ನೆಪವಾಯಿತೋ? "ಜನ ಇರೋ ಹಾಗೆ ಬರೀತೀನಿ, ನಂದೇನೂ ಇಲ್ಲ" ಅನ್ನುತ್ತಿದ್ದೆಯಲ್ಲ. ಹಾಗಾದರೆ ಬಾಗಿಲು ತಟ್ಟಿದ ಆ ಅಪ್ಪನನ್ನು ಎಲ್ಲಿ ನೋಡಿದೆ? ಇವನ ಧರ್ಮ ಬೇರೆಯೆಂದು ನಮ್ಮ ಮದುವೆಗೆ ನೀನು ಬರಲಿಲ್ಲ.

ಅತ್ತೆ ಟಿವಿ ಆರಿಸಿ, "ಇದನ್ನ ಬರೆದೋನಿಗೆ ಮಗಳಿದ್ರೆ, ಅವಳು ಪುಣ್ಯ ಮಾಡಿರಬೇಕು ನೋಡು" ಅಂದರು.

"ಹೌದು ಅತ್ತೆ" ಅಂದೆ.